ಪೆಟ್ಟು ಬಿದ್ದದ್ದು ಭಾನುವಾರ, ಮೆದುಳು ಊದಿದ್ದು ಮಂಗಳವಾರ, ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮ ಭಾನುವಾರ ಬೈಕಿನಿಂದ ಬಿದ್ದ. ಹೆಲ್ಮೆಟ್ ಇರಲಿಲ್ಲ. ಆಸ್ಪತ್ರೆಗೆ ಹೋದಾಗ ಹೆಸರು, ಊರು ಎಲ್ಲ ಹೇಳುತ್ತಿದ್ದ. ಮಂಗಳವಾರ ಎಚ್ಚರ ತಪ್ಪಿತು. ಮೆದುಳು ಊದಿದೆ ಎಂದು ಆಪರೇಷನ್ ಮಾಡಿ, ತಲೆಬುರುಡೆಯ ಒಂದು ತುಂಡು ತೆಗೆದು ಹೊಟ್ಟೆಯಲ್ಲಿ ಇಟ್ಟಿದ್ದಾರಂತೆ. ಮೊದಲ ದಿನ ಮಾತಾಡುತ್ತಿದ್ದವನಿಗೆ ಹೀಗೇಕಾಯಿತು? ಗ್ಲೂಕೋಸ್ ಹಾಕಿ ಎಂದು ಬೇಡಿಕೊಂಡರೂ ಹಾಕಲಿಲ್ಲ.
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಗ್ಲೂಕೋಸ್ ಹಾಕದೇ ಇದ್ದದ್ದು ಸರಿ, ಆ ಕೊರಗು ಬಿಟ್ಟುಬಿಡಿ. ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಸಕ್ಕರೆಯನ್ನು ದೇಹ ಬಳಸಿಕೊಳ್ಳುತ್ತದೆ, ಉಳಿಯುವುದು ನೀರು, ಆ ನೀರು ಊದಿದ ಮೆದುಳನ್ನು ಇನ್ನಷ್ಟು ಊದಿಸುತ್ತದೆ. ಅದಕ್ಕೇ ಸಲೈನ್, ಅಂದರೆ ಉಪ್ಪುನೀರಿನ ಡ್ರಿಪ್, ಹಾಕುತ್ತಾರೆ.

ಪೆಟ್ಟು ಒಂದು ಕ್ಷಣದ್ದು. ಊತ ಹಾಗಲ್ಲ, ನಿಧಾನಕ್ಕೆ ಬೆಳೆಯುತ್ತದೆ, ಸಾಮಾನ್ಯವಾಗಿ 2ರಿಂದ 5ನೇ ದಿನದೊಳಗೆ ಜಾಸ್ತಿ. ಪ್ರತಿ ಜೀವಕೋಶದ ಹೊರಪದರದಲ್ಲೂ ಸೋಡಿಯಂ ಅನ್ನು ಹೊರಗೆ ತಳ್ಳುವ ಪಂಪ್ ಇರುತ್ತದೆ. ಜಜ್ಜಿದ ಜಾಗಕ್ಕೆ ರಕ್ತ, ಆಮ್ಲಜನಕ ಸಾಲದೆ ಹೋದರೆ ಆ ಪಂಪ್ ಸೋಲುತ್ತದೆ, ಸೋಡಿಯಂ ಒಳಗೇ ಸೇರಿಕೊಳ್ಳುತ್ತದೆ, ಅದರ ಹಿಂದೆಯೇ ನೀರೂ ನುಗ್ಗಿ ಕೋಶ ಊದಿಕೊಳ್ಳುತ್ತದೆ. ಇದರ ಜೊತೆಗೆ ಮೆದುಳಿನ ಸಣ್ಣ ರಕ್ತನಾಳಗಳ ಗೋಡೆಯೂ ಸಡಿಲವಾಗುತ್ತದೆ. ಮಾಮೂಲಿಯಾಗಿ ಅದು ತುಂಬಾ ಬಿಗಿಯಾದ ಗೋಡೆ, ಸುಲಭಕ್ಕೆ ಏನನ್ನೂ ಬಿಡುವುದಿಲ್ಲ. ಈಗ ರಕ್ತದ ನೀರಿನಂಶ, ಪ್ರೋಟೀನ್ ಎಲ್ಲ ಹೊರಗೆ ಸೋರಲು ಶುರು.

ಕಾಲು ಉಳುಕಿದರೆ ಊದಲು ಜಾಗ ಇದೆ, ತಲೆಬುರುಡೆಯೊಳಗೆ ಎಲ್ಲಿದೆ? ಮೊದಮೊದಲು ಮೆದುಳಿನ ಸುತ್ತಲಿನ ದ್ರವ ಬೆನ್ನುಹುರಿಯ ಕಡೆ ಸರಿದು ಸ್ವಲ್ಪ ಜಾಗ ಬಿಡುತ್ತದೆ. ನಿಮ್ಮ ತಮ್ಮ ಮಾತಾಡುತ್ತಿದ್ದದ್ದು ಬಹುಶಃ ಆ ಹೊತ್ತಿನಲ್ಲಿ. ಆ ಜಾಗ ಮುಗಿದ ಮೇಲೆ ಊತ ಸ್ವಲ್ಪ ಹೆಚ್ಚಾದರೂ ಒತ್ತಡ ಸರ್ರನೆ ಏರುತ್ತದೆ. ದೊಡ್ಡವರಲ್ಲಿ ಅದು ಸುಮಾರು 15 ಮಿ.ಮೀ. ಪಾದರಸದೊಳಗೆ ಇರಬೇಕು, 22 ದಾಟಿದರೆ ಇಳಿಸಲೇಬೇಕು. ಇಳಿಸದಿದ್ದರೆ ಮೆದುಳಿಗೆ ರಕ್ತ ಹತ್ತುವುದು ಕಡಿಮೆಯಾಗುತ್ತದೆ, ರಕ್ತ ಕಡಿಮೆಯಾದರೆ ಊತ ಇನ್ನೂ ಜಾಸ್ತಿ. ಹೀಗೆ ಒಂದನ್ನೊಂದು ಎಳೆದುಕೊಂಡು ಹೋಗುತ್ತದೆ, ಭಯ ಇರುವುದು ಇಲ್ಲೇ.

ತಲೆಯ ಕಡೆ ಹಾಸಿಗೆಯನ್ನು 30 ಡಿಗ್ರಿ ಎತ್ತುವುದು, ಮೆದುಳಿನ ನೀರನ್ನು ರಕ್ತಕ್ಕೆ ಎಳೆದುಕೊಳ್ಳುವ ಮ್ಯಾನಿಟಾಲ್ ಎಂಬ ಔಷಧಿ ಕೊಡುವುದು, ಬಿ.ಪಿ. ಮತ್ತು ಆಮ್ಲಜನಕ ಇಳಿಯದಂತೆ ಕಾಯುವುದು, ಇವೆಲ್ಲ ಈ ಸುತ್ತನ್ನು ಮುರಿಯಲಿಕ್ಕೇ. ಸಾಲದಿದ್ದರೆ ಬುರುಡೆಯ ತುಂಡು ತೆಗೆದು ಮೆದುಳಿಗೆ ಜಾಗ ಮಾಡಿಕೊಡುತ್ತಾರೆ.

ಇನ್ನು ಆ ಎಲುಬು. ಅದು ಕೆಡಬಾರದೆಂದು ಹೊಟ್ಟೆಯ ಚರ್ಮದ ಕೆಳಗೆ ಇಡುತ್ತಾರೆ, ನಮ್ಮಲ್ಲಿ ಹಲವು ಆಸ್ಪತ್ರೆಗಳಲ್ಲಿ ಇದೇ ರೂಢಿ. ಊತ ಪೂರ್ತಿ ಇಳಿದ ಮೇಲೆ, ಕೆಲವು ವಾರಗಳೋ ತಿಂಗಳುಗಳೋ ಕಳೆದು ವಾಪಸ್ ಕೂಡಿಸುತ್ತಾರೆ. ಅಲ್ಲಿಯವರೆಗೆ ಆ ಬದಿಗೆ ಒತ್ತಿ ಮಲಗಿಸಬೇಡಿ. ಎದ್ದು ಓಡಾಡುವಂತಾದಾಗ ತಲೆಗೆ ರಕ್ಷಣೆ ಏನು ಹಾಕಬೇಕು ಎಂದು ಡಿಸ್ಚಾರ್ಜ್‌ಗೆ ಮೊದಲೇ ಕೇಳಿಕೊಳ್ಳಿ. ಮನೆಗೆ ಬಂದ ಮೇಲೆ ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಕರೆದರೂ ಏಳದಷ್ಟು ಮಂಪರಾದರೆ ಸುಮ್ನೆ ಮಲಗಲಿ ಅಂತ ಬಿಡಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.