‘ಹೈಕ್ಕೆಯಿತಾಸ್’ ಎಂದರೆ ವ್ಯಕ್ತಿತ್ವವೇ?

ಪ್ರಶ್ನೆ: ಮಧ್ಯಯುಗದ ಕ್ರೈಸ್ತ ದೇವತಾಶಾಸ್ತ್ರವನ್ನು ಕುರಿತ ಲೇಖನವೊಂದರಲ್ಲಿ ‘ಹೈಕ್ಕೆಯಿತಾಸ್’ ಎಂಬ ಲ್ಯಾಟಿನ್ ಪದವನ್ನು ಕಂಡೆ. ಲೇಖಕರು ಅದಕ್ಕೆ ‘ವ್ಯಕ್ತಿತ್ವ’ ಎಂದು ಅರ್ಥ ಕೊಟ್ಟಿದ್ದಾರೆ. ಇದು ಸರಿಯೇ? ಈ ಪದವನ್ನು ಹೇಗೆ ಬಳಸಬೇಕು?

ಉತ್ತರ: ಸರಿಯಲ್ಲ. ವ್ಯಕ್ತಿತ್ವ ಎಂದಾಗ ನಮ್ಮ ಮನಸ್ಸಿಗೆ ಬರುವುದು ಒಬ್ಬರ ನಡೆ, ನುಡಿ, ಸ್ವಭಾವಗಳು ಕೂಡಿ ಮೂಡಿದ ರೂಪ; ಆ ಮಾತು ಸಾಮಾನ್ಯವಾಗಿ ಮನುಷ್ಯರಿಗಷ್ಟೇ ಸಲ್ಲುತ್ತದೆ. ಹೈಕ್ಕೆಯಿತಾಸ್ ಕಲ್ಲಿಗೂ ಉಂಟು, ಮರಕ್ಕೂ ಉಂಟು, ದೇವದೂತನಿಗೂ ಉಂಟು. ಅದು ಗುಣಗಳ ಮೊತ್ತವಲ್ಲ, ಗುಣವೇ ಅಲ್ಲ; ಒಂದು ವಸ್ತುವನ್ನು ಇನ್ನೊಂದಲ್ಲ, ‘ಇದೇ’ ಎಂದು ಆಗಿಸುವ ಅಂಶ.

‘ಹೈಕ್’ ಎಂಬುದು ಲ್ಯಾಟಿನ್ನಿನಲ್ಲಿ ‘ಇದು’ ಎಂದು ತೋರಿಸುವ ಸರ್ವನಾಮದ ಸ್ತ್ರೀಲಿಂಗ ರೂಪ. ಅದಕ್ಕೆ ಭಾವವಾಚಕ ಪ್ರತ್ಯಯ ಸೇರಿ ಈ ಪದವಾಗಿದೆ. ಆದ್ದರಿಂದ ಕನ್ನಡದಲ್ಲಿ ‘ಇದುತನ’ ಎನ್ನುವುದೇ ಮೂಲಕ್ಕೆ ಹತ್ತಿರ. ಸಂಸ್ಕೃತದ ‘ಇದಂತಾ’ ಅರ್ಥಕ್ಕೆ ಚೆನ್ನಾಗಿ ಒಪ್ಪುತ್ತದೆಯಾದರೂ, ಅದನ್ನು ಕನ್ನಡದ ರೂಢಿಯಂತೆ ‘ಇದಂತೆ’ ಎಂದು ಬರೆದರೆ ಓದುವವರು ‘ಇದು ಅಂತೆ’ ಎಂದು ಬಿಡಿಸಿಕೊಂಡಾರು. ಇದರ ಜೋಡಿಪದವಾದ ‘ಕ್ವಿದ್ದಿತಾಸ್’ ‘ಏನು’ ಎಂಬ ಪ್ರಶ್ನೆಯಿಂದ ಹುಟ್ಟಿದ್ದು. ಒಂದು ವಸ್ತು ಏನಾಗಿದೆಯೋ ಆ ‘ಏನುತನ’ವನ್ನು ಅದು ಹೇಳುತ್ತದೆ. ಇನ್ನು ಉಚ್ಚಾರದ ಮಾತು: ಹಳೆಯ ಲ್ಯಾಟಿನ್ ಕ್ರಮದಲ್ಲಿ ‘ಹೈಕ್ಕೆಯಿತಾಸ್’, ಚರ್ಚಿನ ಕ್ರಮದಲ್ಲಿ ‘ಎಚ್ಚೆಯಿತಾಸ್’. ಎರಡೂ ಒಂದೇ ಪದ.

ಈ ಪದ ಜಾನ್ ಡನ್ಸ್ ಸ್ಕೋಟಸ್‌ನ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಫ್ರಾನ್ಸಿಸ್ಕನ್ ಸಂನ್ಯಾಸಿಯಾಗಿ, ಆಕ್ಸ್‌ಫರ್ಡ್ ಮತ್ತು ಪ್ಯಾರಿಸ್‌ಗಳಲ್ಲಿ ಬೋಧಿಸಿ, 1308ರಲ್ಲಿ ಕಲೋನ್ ನಗರದಲ್ಲಿ ತೀರಿಕೊಂಡ ಆತನನ್ನು ‘ಸೂಕ್ಷ್ಮಮತಿಯ ಆಚಾರ್ಯ’ ಎಂದು ಕರೆದರು. ಆತ ಎತ್ತಿಕೊಂಡ ಪ್ರಶ್ನೆಯನ್ನು ತಿಳಿಯಲು ಒಂದೇ ಅಚ್ಚಿನಿಂದ ಬಂದ ಎರಡು ಹೊಸ ನಾಣ್ಯಗಳನ್ನು ಅಂಗೈಯಲ್ಲಿಟ್ಟು ನೋಡಿ. ತೂಕ, ಹೊಳಪು, ಅಂಚಿನ ಗೆರೆ ಎಲ್ಲವೂ ಒಂದೇ. ಆದರೂ ಇದು ಇದೇ, ಅದು ಅದೇ. ಹಾಗಾದರೆ ಇವನ್ನು ಎರಡಾಗಿಸಿದ್ದು ಯಾವುದು?

ಸ್ಕೋಟಸ್‌ಗಿಂತ ಮೊದಲೇ ಹದಿಮೂರನೆಯ ಶತಮಾನದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇದಕ್ಕೆ ಉತ್ತರ ಕೊಟ್ಟಿದ್ದ: ವಸ್ತು ಯಾವ ಬಗೆಯದೆಂದು ನಿರ್ಧರಿಸುವ ರೂಪ ಒಂದೇ ಆದರೂ ಅದನ್ನು ತಾಳಿದ ದ್ರವ್ಯ (ವಸ್ತುವಿನ ಮೂಲ ಸಾಮಗ್ರಿ), ಅಂದರೆ ಇಷ್ಟು ಅಳತೆಯೆಂದು ಗುರುತಾದ ದ್ರವ್ಯ, ಬೇರೆ ಬೇರೆ. ಸ್ಕೋಟಸ್‌ಗೆ ಇದು ಸಾಲಲಿಲ್ಲ. ಸುಟ್ಟ ಸೌದೆಯ ದ್ರವ್ಯವೇ ಬೂದಿಯಲ್ಲೂ ಉಳಿಯುತ್ತದೆ ಎಂದು ಆ ಕಾಲದ ಪಂಡಿತರು ಸಾಮಾನ್ಯವಾಗಿ ಒಪ್ಪಿದ್ದರು. ಆ ಸೌದೆಗೂ ಈ ಬೂದಿಗೂ ಸಮಾನವಾಗಿರುವ ದ್ರವ್ಯವೊಂದೇ ಸೌದೆಯನ್ನು ‘ಇದೇ ಸೌದೆ’ ಎಂದು ಮಾಡಲಾರದಲ್ಲವೇ? ಅಳತೆಯಾದರೋ ವಸ್ತುವನ್ನು ಆಶ್ರಯಿಸಿ ಆಮೇಲೆ ಬರುವಂಥದ್ದು. ತನಗೆ ಆಶ್ರಯವಾದ ವಸ್ತುವನ್ನೇ ಅದು ‘ಇದು’ ಆಗಿಸುವುದು ಹೇಗೆ? ಆದ್ದರಿಂದ ಒಂದು ಬಗೆಯ ಎಲ್ಲ ವಸ್ತುಗಳಿಗೂ ಸಮಾನವಾದ ಸ್ವಭಾವವನ್ನು ಒಂದೇ ಒಂದು ವಸ್ತುವಿಗೆ ಕಟ್ಟಿಹಾಕುವ, ಮತ್ತೆ ಹಲವಾಗಿ ಒಡೆಯದ ಒಂದು ಅಂಶ ಪ್ರತಿಯೊಂದರಲ್ಲೂ ಇದೆ ಎಂದು ಆತ ವಾದಿಸಿದ. ಅದೇ ಇದುತನ.

ಇಷ್ಟೆಲ್ಲ ಚರ್ಚೆ ದೇವತಾಶಾಸ್ತ್ರದೊಳಗೆ ಬಂದದ್ದು ದೇವದೂತರ ಕಾರಣದಿಂದ. ದೇವದೂತರಿಗೆ ದ್ರವ್ಯವಿಲ್ಲವಾದ್ದರಿಂದ, ಅಕ್ವಿನಾಸ್‌ನ ಲೆಕ್ಕದಲ್ಲಿ ಒಂದು ಬಗೆಗೆ ಒಬ್ಬನೇ ದೇವದೂತನಿರಬೇಕಾಗುತ್ತದೆ. ದ್ರವ್ಯವಿಲ್ಲದ ಒಂದೇ ಬಗೆಯ ಹಲವರನ್ನು ದೇವರು ಸೃಷ್ಟಿಸಲಾರನೆಂಬ ಮಾತನ್ನು ಪ್ಯಾರಿಸ್‌ನ ಬಿಷಪ್ ಎತಿಯೆನ್ ತಾಂಪಿಯೆ 1277ರ ಮಾರ್ಚ್ 7ರಂದು 219 ನಿಷಿದ್ಧ ಪ್ರತಿಪಾದನೆಗಳ ಪಟ್ಟಿಯಲ್ಲಿ ಸೇರಿಸಿದ. ಇದುತನವನ್ನು ಒಪ್ಪಿದರೆ ಈ ತೊಡಕು ಬಿಡಿಸಿಕೊಳ್ಳುತ್ತದೆ, ಏಕೆಂದರೆ ಎರಡಾಗಲು ದ್ರವ್ಯವೇ ಬೇಕೆಂದಿಲ್ಲ. ನನಗೆ ಮಾತ್ರ ಈ ವಿಚಾರದ ನಿಜವಾದ ಬೆಲೆ ಕಾಣುವುದು ದೇವದೂತರ ಲೆಕ್ಕದಲ್ಲಲ್ಲ, ಯಃಕಶ್ಚಿತ್ ಕಲ್ಲಿಗೂ ಕೊಟ್ಟ ಗೌರವದಲ್ಲಿ: ಅದು ಕಲ್ಲುಗಳಲ್ಲೊಂದು ಎಂಬಷ್ಟಕ್ಕೇ ಅದರ ಇರವು ಮುಗಿಯುವುದಿಲ್ಲ ಎಂದು ಸ್ಕೋಟಸ್ ಹೇಳಿದ.

ಎಲ್ಲರೂ ಇದನ್ನು ಒಪ್ಪಲಿಲ್ಲ. ಮುಂದಿನ ತಲೆಮಾರಿನ ವಿಲಿಯಂ ಆಫ್ ಆಕಮ್, ಪ್ರತಿಯೊಂದು ವಸ್ತುವೂ ತಾನಾಗಿಯೇ ಒಂಟಿ, ಅದಕ್ಕೆ ಬೇರೆ ಅಂಶ ಬೇಕಿಲ್ಲ ಎಂದ.

ಬಳಕೆಯ ವಿಷಯದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಪದವನ್ನು ಸ್ಕೋಟಸ್ ಸ್ವತಃ ಬಳಸಿದ್ದು ತೀರ ವಿರಳ. ಪ್ರಧಾನ ಗ್ರಂಥದಲ್ಲಿ ಆತ ಹೆಚ್ಚಾಗಿ ಹೇಳುವುದು ‘ಬಿಡಿವಸ್ತುವಿನ ಇರವು’ ಎಂಬರ್ಥದ ಮಾತನ್ನು. ಪದ ಹರಡಿದ್ದು ಆತನ ಹಿಂಬಾಲಕರಿಂದ. ‘ಇಗೋ’ ಎಂಬರ್ಥದ ‘ಎಕ್ಕೆ’ಯಿಂದ ಬಂದಿರಬೇಕೆಂದು ಭಾವಿಸಿ ಕೆಲವರು ಅದನ್ನು ‘ಎಕ್ಕೆಯಿತಾಸ್’ ಎಂದೂ ಬರೆದರು. ಅದು ತಪ್ಪು ವ್ಯುತ್ಪತ್ತಿ.

‘ಈ ಊರಿನ ಹೈಕ್ಕೆಯಿತಾಸ್ ಅದರ ಹಳೆಯ ಬೀದಿಗಳಲ್ಲಿದೆ’ ಎಂದು ಬರೆದರೆ ಅದು ತಪ್ಪು ಬಳಕೆ, ಏಕೆಂದರೆ ಅಂಥ ಬೀದಿಗಳು ಇನ್ನೊಂದು ಊರಿಗೂ ಇರಬಹುದು. ಅಲ್ಲಿ ‘ವೈಶಿಷ್ಟ್ಯ’ ಎಂದರೆ ಸಾಕು. ‘ಎಲ್ಲ ಲಕ್ಷಣಗಳೂ ಒಂದೇ ಆಗಿರುವ ಎರಡು ವಸ್ತುಗಳು ತಮ್ಮ ಹೈಕ್ಕೆಯಿತಾಸ್‌ನಿಂದ ಮಾತ್ರ ಬೇರೆಯಾಗಿವೆ’ ಎಂದು ಬರೆದರೆ ಸರಿಯಾಗುತ್ತದೆ. ಆ ಅಂಶ ಇಂಥದ್ದೆಂದು ವಿವರಿಸಲು ಹೊರಟರೆ ಮತ್ತೆ ಗುಣಗಳ ಪಟ್ಟಿಗೇ ಬಂದು ನಿಲ್ಲುತ್ತೇವೆ. ಈ ಜನ್ಮದಲ್ಲಿ ನಮ್ಮ ಬುದ್ಧಿ ಅದನ್ನು ನೇರವಾಗಿ ಅರಿಯಲಾರದು ಎಂದು ಸ್ಕೋಟಸ್‌ನೇ ಒಪ್ಪಿಕೊಂಡಿದ್ದಾನೆ.