ಡ್ಯಾಂಪ್, ಮಾಯಿಸ್ಟ್, ಹ್ಯೂಮಿಡ್: ಯಾವುದು ಎಲ್ಲಿ?

ಕುಮಟಾದ ನಿಮ್ಮ ಹೋಮ್‌ಸ್ಟೇಯ ಇಂಗ್ಲಿಷ್ ಕರಪತ್ರದಲ್ಲಿ ಮಳೆಗಾಲದ ಕೋಣೆಗೆ 'ಮಾಯಿಸ್ಟ್' ಎಂದು ಬರೆಯಬಹುದೇ, ವೆಟ್, ಡ್ಯಾಂಪ್, ಹ್ಯೂಮಿಡ್ ಎಲ್ಲ ಒಂದೇ ಅಲ್ಲವೇ ಎಂದು ಕೇಳಿದ್ದೀರಿ. ಒಂದೇ ಅಲ್ಲ. ದಯವಿಟ್ಟು 'ಮಾಯಿಸ್ಟ್' ತೆಗೆಯಿರಿ.

ಹಿಂಡಿದರೆ ನೀರಿಳಿಯುವ ಪಂಚೆ ವೆಟ್. ಒಣಗದ ಬಣ್ಣ, ಸಿಮೆಂಟೂ ವೆಟ್ಟೇ. ಅಂಥ ಬಣ್ಣ, ಸಿಮೆಂಟನ್ನು ನಾವು 'ಹಸಿ' ಅನ್ನುತ್ತೇವೆ.

ಗೊಂದಲವಾಗುವುದು ಡ್ಯಾಂಪ್ ಮತ್ತು ಮಾಯಿಸ್ಟ್ ನಡುವೆ. ಎರಡರಲ್ಲೂ ನೀರು ಸ್ವಲ್ಪವೇ, ಆದರೆ ಭಾವ ಬೇರೆ. ಮಾಯಿಸ್ಟ್ ಅಂದರೆ ಸಾಮಾನ್ಯವಾಗಿ ಇರಬೇಕಾದ ತೇವ: ಮೆತ್ತನೆಯ ಕೇಕು, ಬೀಜ ಮೊಳೆಯಲು ಹದವಾದ ಮಣ್ಣು. ಡ್ಯಾಂಪ್ ಹೆಚ್ಚಾಗಿ ಬೇಡದ ತೇವ: ಆಷಾಢದಲ್ಲಿ ಎರಡು ದಿನ ಹಗ್ಗದ ಮೇಲಿದ್ದರೂ ಒಣಗದೆ ಮುಗ್ಗಲು ವಾಸನೆ ಹಿಡಿದ ಚಾದರ, ಬೂಸಲು ಬಂದ ಗೋಡೆ. ಒಂದು ಅಪವಾದವಿದೆ. ನೆನೆಸಿ ಗಟ್ಟಿಯಾಗಿ ಹಿಂಡಿದ ಒರೆಸುವ ಬಟ್ಟೆಗೂ ಡ್ಯಾಂಪ್ ಅನ್ನುತ್ತಾರೆ, ಅಲ್ಲಿ ದೂರಿಲ್ಲ.

ಹ್ಯೂಮಿಡ್ ಗಾಳಿಗೆ, ಹವೆಗೆ ಮಾತ್ರ. ಮೇ ತಿಂಗಳಲ್ಲಿ ಕಾರವಾರದಲ್ಲಿ ಮೈಬೆವರು ಆರುವುದೇ ಇಲ್ಲವಲ್ಲ, ಆ ಹವೆ. 'ಹ್ಯೂಮಿಡ್ ಟವೆಲ್' ತಪ್ಪು.

ಡ್ಯಾಂಕ್ ಪದವನ್ನು ಕೋಣೆಯ ಹತ್ತಿರವೂ ತರಬೇಡಿ. ಬಿಸಿಲು ಕಾಣದ ಗುಹೆಯ ತೇವ, ಥಂಡಿ, ಕಮಟು ವಾಸನೆ ಮೂರೂ ಅದರಲ್ಲಿವೆ. 'ಸಾಗಿ' (soggy) ಎಂಬ ಪದ ಚಹಾದಲ್ಲಿ ನೆನೆದು ಕುಸಿಯುವ ಟೋಸ್ಟಿಗೆ.

ನಿಮ್ಮ ವಾಕ್ಯ ಹೀಗಿರಲಿ: 'ದಿ ಏರ್ ಈಸ್ ವೆರಿ ಹ್ಯೂಮಿಡ್ ಫ್ರಮ್ ಜೂನ್ ಟು ಸೆಪ್ಟೆಂಬರ್, ಸೋ ಕ್ಲೋತ್ಸ್ ಮೇ ಸ್ಟೇ ಡ್ಯಾಂಪ್.' ಗಾಳಿಗೆ ಒಂದು ಪದ, ಬಟ್ಟೆಗೆ ಇನ್ನೊಂದು.