ನಾಯಿಗೆ ಸೆಲ್ಯೂಟ್ ಹೊಡೆದ ಫೋಟೊ ನೋಡಿ ಅತ್ತೆ, ತಪ್ಪಾ?

ಡಾಕ್ಟ್ರೇ, ಒಂದು ಮಾತು: ದಾವಣಗೆರೆಯ ನಿವೃತ್ತ ಪಶುವೈದ್ಯರ ಅಂಕಣ

ಪ್ರಶ್ನೆ: ಡಾಕ್ಟ್ರೇ, ಮೊನ್ನೆ ಮೊಬೈಲಿಗೆ ಒಂದು ಫೋಟೊ ಬಂತು. ತೀರಿಹೋದ ಮಿಲಿಟರಿ ನಾಯಿಗೆ ಹೂವಿಟ್ಟು ಯೋಧರು ಸೆಲ್ಯೂಟ್ ಹೊಡೀತಿದ್ದಾರೆ. ಒಲೆ ಮುಂದೆ ನಿಂತೇ ಅತ್ತುಬಿಟ್ಟೆ. ಸಾರು ಉಕ್ಕಿದ್ದೂ ಗೊತ್ತಾಗಲಿಲ್ಲ. ನಮ್ಮ ಯಜಮಾನರು "ನಾಯಿಗೇನು ದೇಶ ಗೊತ್ತಾ? ಮರ್ಯಾದೆ ಗೊತ್ತಾ?" ಅಂತ ನಕ್ಕರು. ನಾನು ಅತ್ತಿದ್ದು ತಪ್ಪಾ?
– ಓದುಗರು, ಜಗಳೂರು

ಉತ್ತರ: ಯಜಮಾನರ ಮಾತಲ್ಲಿ ಅರ್ಧ ನಿಜ ಇದೆ ತಾಯಿ. ನಾಯಿಗೆ ದೇಶ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಚೈನು ಹಿಡಿದ ಒಬ್ಬ ಮನುಷ್ಯ, ಅಷ್ಟೇ. 2023ರ ಸೆಪ್ಟೆಂಬರಿನಲ್ಲಿ ಜಮ್ಮು-ಕಾಶ್ಮೀರದ ರಜೌರಿಯಲ್ಲಿ ಕೆಂಟ್ ಅನ್ನೋ ಆರು ವರ್ಷದ ಹೆಣ್ಣು ಲ್ಯಾಬ್ರಡಾರ್ ಉಗ್ರರ ಜಾಡು ಹಿಡಿದು ಮುಂದೆ ಹೋಯಿತು. ಗುಂಡು ತಗುಲಿ ಸತ್ತಿತು. ತನ್ನ ಹ್ಯಾಂಡ್ಲರನ್ನು, ಅಂದರೆ ಚೈನು ಹಿಡಿದು ನಡೆಸೋ ಯೋಧನನ್ನು, ಕಾಪಾಡಲು ಹೋಗಿ ಸತ್ತಿತು ಅಂತ ಸೇನೆಯೇ ಹೇಳಿತು. 2015ರಲ್ಲಿ ಕುಪ್ವಾರಾದ ತಂಗ್ಧಾರ್‌ನಲ್ಲಿ ಮಾನಸಿ ಅನ್ನೋ ಇನ್ನೊಂದು ಲ್ಯಾಬ್ರಡಾರ್ ಸತ್ತಾಗ ಅದರ ಹ್ಯಾಂಡ್ಲರ್ ಬಶೀರ್ ಅಹ್ಮದ್ ವಾರ್ ಕೂಡ ಉಳಿಯಲಿಲ್ಲ.

ನಾನು ಸರ್ವಿಸಿನಲ್ಲಿದ್ದಾಗ ರಜೆಗೆ ಬಂದ ಒಬ್ಬ ಯೋಧ ಮನೆಯ ಎಮ್ಮೆ ತೋರಿಸಲು ಆಸ್ಪತ್ರೆಗೆ ಬಂದಿದ್ದ. ನಿಮ್ಮ ಕಡೆಯ ಹುಡುಗನೇ. ಸೇನೆಯಲ್ಲಿ ನಾಯಿ ನೋಡ್ಕೊಳ್ಳೋ ಕೆಲಸ. ಮೊಬೈಲ್ ತೆಗೆದರೆ ಪರದೆ ಮೇಲೆ ನಾಯಿ! ಪಕ್ಕದಲ್ಲಿದ್ದ ಹೆಂಡತಿ, "ನನ್ನ ಫೋಟೊ ಒಳಗೆಲ್ಲೋ ಇದೆ ಸಾರ್" ಅಂದಳು. ನಾನು ಎಮ್ಮೆಗೆ ಇಂಜೆಕ್ಷನ್ ಕೊಡುತ್ತಾ ಅವನ ಎಡಗೈ ಗಮನಿಸಿದೆ. ಸುಮ್ನೆ ನಿಂತಾಗಲೂ ಬೆರಳು ಮಡಚಿಕೊಂಡೇ ಇತ್ತು. ನಾಯಿಯನ್ನು ಎಡಕ್ಕೇ ನಡೆಸೋದು ಅಲ್ವಾ, ಆ ಅಭ್ಯಾಸ. ಅವತ್ತಿನಿಂದ ನಾನು ಇಂಥ ಫೋಟೊಗಳಲ್ಲಿ ನಾಯಿಯನ್ನು ಆಮೇಲೆ ನೋಡ್ತೀನಿ. ಮೊದಲು ಹ್ಯಾಂಡ್ಲರನ ಎಡಗೈ ನೋಡ್ತೀನಿ. ನೀವು ಅತ್ತಿದ್ದು ಆ ಖಾಲಿ ಕೈಗೆ ಇರಬೇಕು.

ಇನ್ನು ಮರ್ಯಾದೆ ವಿಷಯ. ಯಜಮಾನರಿಗೆ ಆತಕೂರಿನ ಕಲ್ಲಿನ ಕಥೆ ಹೇಳಿ. ಮಂಡ್ಯ ಜಿಲ್ಲೆಯದು, ಸುಮಾರು 950ನೇ ಇಸವಿಯದು. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲ. ಯುದ್ಧದಲ್ಲಿ ಗೆದ್ದ ಮಣಲೇರ ಅನ್ನೋ ಯೋಧನಿಗೆ ಒಡೆಯ "ಏನು ಬೇಕು ಕೇಳು" ಅಂದ. ಅವನು ಹೊನ್ನು ಕೇಳಲಿಲ್ಲ, ಕಾಳಿ ಅನ್ನೋ ನಾಯಿ ಕೇಳಿದ. ಆ ನಾಯಿ ಹಂದಿ ಜೊತೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿ, ನಾಯಿ ಹಂದಿ ಹೋರಾಡೋದನ್ನು ಕೆತ್ತಿಸಿ, ಭೂಮಿ ಬಿಟ್ಟರು. ಆ ಭೂಮಿ ನೋಡ್ಕೊಳ್ಳೋನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೇ ಅಂತಲೂ ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಮಕ್ಕಳನ್ನು ಕರ್ಕೊಂಡು ಹೋದಾಗ ಯಜಮಾನರನ್ನೂ ಅದರ ಮುಂದೆ ನಿಲ್ಲಿಸಿ.

ಪ್ರಶ್ನೆ: ಗಣೇಶನ ಪೆಂಡಾಲ್ ಮುಂದೆ 'ವೀರ ಶ್ವಾನ ಝೂಮ್' ಅಂತ ಫ್ಲೆಕ್ಸ್ ಹಾಕಿಸಿದ್ದೀವಿ. ಮುಧೋಳ ನಾಯಿ ಫೋಟೊ ಹಾಕಿದ್ದು ಸರಿ ತಾನೇ?
– ಗೆಳೆಯರ ಬಳಗ, ಹರಿಹರ

ಉತ್ತರ: ತಪ್ಪು ಕಣ್ರಪ್ಪಾ. ಸೇನೆಯ ನಾಯಿ ಝೂಮ್ ಬೆಲ್ಜಿಯನ್ ಮ್ಯಾಲಿನಾಯ್ ತಳಿ. ಕಿವಿ ನೆಟ್ಟಗೆ, ಮೂತಿ ಕಪ್ಪು. 2022ರ ಅಕ್ಟೋಬರಿನಲ್ಲಿ ಅನಂತನಾಗ್‌ನಲ್ಲಿ ಎರಡು ಗುಂಡು ತಿಂದು, 13ರಂದು ಶ್ರೀನಗರದ ಸೇನಾ ಪಶು ಆಸ್ಪತ್ರೆಯಲ್ಲಿ ತೀರಿಕೊಂಡಿತು. ನಮ್ಮ ಮುಧೋಳದ್ದು ಸಣಕಲು ಮೈ, ಉದ್ದ ಮೂತಿ, ಜೋತ ಕಿವಿ. ಅದಕ್ಕೂ ಗೌರವ ಕಡಿಮೆ ಇಲ್ಲ. 2005ರಲ್ಲಿ ಅಂಚೆಚೀಟಿಗೆ ಬಂತು, 2016ರಲ್ಲಿ ಅದರ ಮರಿಗಳು ತರಬೇತಿಗೆ ಮೀರತ್‌ನ ಸೇನಾ ಕೇಂದ್ರಕ್ಕೂ ಹೋದವು. ಆದರೆ ಒಬ್ಬರ ಹೆಸರಿಗೆ ಇನ್ನೊಬ್ಬರ ಮುಖ ಹಾಕಿದರೆ ಅದು ಗೌರವ ಹೇಗಾಗುತ್ತೆ? ನಿಮ್ಮ ತಾತನ ತಿಥಿಗೆ ಪಕ್ಕದ ಮನೆ ಅಜ್ಜನ ಫೋಟೊ ಇಡ್ತೀರಾ?

ಬೇರೆ ಫ್ಲೆಕ್ಸ್ ಹಾಕಿಸಿ. ಜಾಗ ಉಳಿದರೆ ನಮ್ಮ ಜಿಲ್ಲಾ ಪೊಲೀಸರ ಡಾಬರ್‌ಮನ್ ತುಂಗಾನ ಫೋಟೊನೂ ಇರಲಿ. ಮಿಲಿಟರಿ ನಾಯಿ ಅಲ್ಲ, ನಿಜ. ಆದರೆ 2020ರಲ್ಲಿ ಕೊಲೆ ಆರೋಪಿಯ ಜಾಡು ಹಿಡಿದು 10 ಕಿ.ಮೀ.ಗೂ ಜಾಸ್ತಿ ಓಡಿದ್ದು ನಮ್ಮ ಚನ್ನಗಿರಿ ಸೀಮೆಯಲ್ಲೇ. ಗಣಪತಿ ಬಿಟ್ಟ ಮೇಲೆ ಆ ಫ್ಲೆಕ್ಸನ್ನು ಮಾತ್ರ ದನದ ಕೊಟ್ಟಿಗೆಗೆ ಹೊದಿಸಬೇಡಿ.